ಮೂಗು ಸೊಟ್ಟ ಇದ್ದರೆ ಸೈನಸ್ ಬರುತ್ತದೆಯೇ?



ನೆಗಡಿ ಬಹಳ ದಿನ ಹೋಗದಿದ್ದರೆ, ತಲೆ ಭಾರ ಆದರೆ ನಮ್ಮ ಚಿಕ್ಕೇರೂರಿನಲ್ಲಿ "ಅವಗ ಸೈನಸ್ ಐತಿ" ಅಂತಾರೆ. ಆದರೆ ಸೈನಸ್ ಎಂಬುದು ರೋಗದ ಹೆಸರಲ್ಲ. ನನಗೂ ಐತಿ, ನಿಮಗೂ ಐತಿ, ನಮ್ಮ ಗುರುಗಳಿಗೂ ಐತಿ! ಮುಖದ ಎಲುಬಿನ ಒಳಗೆ ಗಾಳಿ ತುಂಬಿದ ಖಾಲಿ ಕೋಣೆಗಳು ಇರುತ್ತವೆ. ಅವೇ ಸೈನಸ್. ಆ ಕೋಣೆಯ ಒಳಪದರ ಬಾತುಕೊಂಡರೆ ಅದಕ್ಕೆ ಸೈನಸೈಟಿಸ್ ಎನ್ನುತ್ತಾರೆ.

ಈ ಕೋಣೆಗಳು ನಾಲ್ಕು ಜೋಡಿ. ಕೆನ್ನೆಯಲ್ಲಿ ಒಂದು ಜೋಡಿ, ಹಣೆಯಲ್ಲಿ ಒಂದು ಜೋಡಿ, ಕಣ್ಣುಗಳ ನಡುವೆ ಜೇನುಗೂಡಿನಂತೆ ಸಣ್ಣ ಸಣ್ಣ ಕೋಣೆಗಳು, ಮೂಗಿನ ಹಿಂದೆ ಆಳದಲ್ಲಿ ಇನ್ನೊಂದು ಜೋಡಿ. ಕೆನ್ನೆಯದು ಎಲ್ಲಕ್ಕಿಂತ ದೊಡ್ಡದು. ದೊಡ್ಡವರಲ್ಲಿ ಅದಕ್ಕೆ ಸುಮಾರು 15 ಮಿಲಿಲೀಟರ್, ಅಂದರೆ ಮೂರು ಚಹಾ ಚಮಚ ನೀರು ಹಿಡಿಯುತ್ತದೆ. ಇಂಗ್ಲೆಂಡಿನ ವೈದ್ಯ ನಥಾನಿಯಲ್ ಹೈಮೋರ್ 1651ರಲ್ಲಿ ಈ ಕೋಣೆಯ ಬಗ್ಗೆ ವಿವರವಾಗಿ ಬರೆದರು.

ಈಗ ಒಂದು ಆಶ್ಚರ್ಯದ ಸಂಗತಿ. ಕೆರೆಗೆ ತೂಬು ಎಲ್ಲಿ ಇರುತ್ತದೆ? ತಳದ ಹತ್ತಿರ. ಆದರೆ ಕೆನ್ನೆಯ ಕೋಣೆಯ ತೂಬು ಮೇಲುಗಡೆ ಇದೆ! ಅದರ ಅಗಲ ಕೆಲವೇ ಮಿಲಿಮೀಟರ್. ಹಾಗಾದರೆ ಒಳಗಿನ ಲೋಳೆ ಮೇಲೆ ಹತ್ತಿ ಹೊರಗೆ ಬರುವುದು ಹೇಗೆ? ಒಳಪದರದ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಕೂದಲು ಇವೆ. ಅವಕ್ಕೆ ಲೋಮಾಂಗ ಎಂದು ಹೆಸರು. ಗಾಳಿಗೆ ಗೋದಿ ತೆನೆ ಬಾಗುವ ಹಾಗೆ ಅವು ಒಂದೇ ದಿಕ್ಕಿಗೆ ಬಡಿಯುತ್ತಾ ಲೋಳೆಯನ್ನು ತೂಬಿನ ಕಡೆ ತಳ್ಳುತ್ತವೆ. ಹಿಂದಿನ ಕಾಲದಲ್ಲಿ ವೈದ್ಯರು ಕೋಣೆಯ ತಳದಲ್ಲಿ ಹೊಸ ತೂತು ಕೊರೆಯುತ್ತಿದ್ದರು. ಆದರೂ ಲೋಳೆ ಆ ತೂತನ್ನು ಬಿಟ್ಟು ಹಳೆಯ ತೂಬಿಗೇ ಹೋಗುತ್ತದೆ ಎಂದು ಆಸ್ಟ್ರಿಯಾ ದೇಶದ ವೈದ್ಯ ಮೆಸರ್‌ಕ್ಲಿಂಗರ್ ತೋರಿಸಿದರು. ಆದ್ದರಿಂದ ಈಗಿನ ವೈದ್ಯರು ದುರ್ಬೀನಿನಂಥ ಕೊಳವೆ ಹಾಕಿ ನೋಡಿ, ಬೇಕಾದರೆ ಹಳೆಯ ತೂಬನ್ನೇ ಬಿಡಿಸುತ್ತಾರೆ.

ತೂಬು ಕಟ್ಟಿದರೆ ಲೋಳೆ ಒಳಗೇ ನಿಲ್ಲುತ್ತದೆ. ನಿಂತ ನೀರು ಕೆಡುವಂತೆ ಅಲ್ಲಿ ರೋಗಾಣು ಬೆಳೆಯಬಹುದು. ಆಗ ಕೆನ್ನೆ, ಹಣೆ ನೋವು, ದಪ್ಪ ಸಿಂಬಳ, ವಾಸನೆ ತಿಳಿಯದಿರುವುದು ಕಾಣುತ್ತವೆ.

ಎಲ್ಲರ ಮೂಗೂ ಒಳಗೆ ಒಂದೇ ತರ ಇರುವುದಿಲ್ಲ. ಎರಡು ಹೊಳ್ಳೆಗಳ ನಡುವಿನ ಗೋಡೆ ಬಹಳ ಜನರಲ್ಲಿ ಸ್ವಲ್ಪ ಸೊಟ್ಟ ಇರುತ್ತದೆ. ಕೆಲವರಿಗೆ ಮೂಗಿನೊಳಗಿನ ಸುರುಳಿ ಎಲುಬು ಗಾಳಿ ತುಂಬಿ ಉಬ್ಬಿರುತ್ತದೆ. ಕೆಲವರಿಗೆ ತೂಬಿನ ದಾರಿ ಹುಟ್ಟಿನಿಂದಲೇ ಇಕ್ಕಟ್ಟು. ಸಣ್ಣ ಮಕ್ಕಳಿಗೆ ಮೂಗಿನ ಹಿಂದಿನ ಅಡೆನಾಯ್ಡ್ ಗಂಟು ದೊಡ್ಡದಾಗಿ ದಾರಿ ಕಟ್ಟಬಹುದು.

ನಮ್ಮ ಅಕ್ಕ ಒಂಬತ್ತನೇ ತರಗತಿ. ಹೋದ ಸುಗ್ಗಿಯಿಂದ ಅವಳಿಗೆ ಮೂಗು ಕಟ್ಟಿ ತಲೆನೋವು. "ಓದಿ ಓದಿ ತಲಿನೋವು ಹಚ್ಗೊಂಡಾಳ, ಸಾಲಿ ಬಿಡಸ್ರಿ" ಅಂತ ಮನೆಗೆ ಬಂದವರು ಅಂದರು. ಅಕ್ಕ ಅತ್ತಳು. ಕೊನೆಗೆ ಅಪ್ಪ ಹುಬ್ಬಳ್ಳಿಗೆ ಕರೆದುಕೊಂಡು ಹೋದ. ಅಲ್ಲಿಯ ಡಾಕ್ಟರು ಮೂಗಿನ ಗೋಡೆ ಎಡಕ್ಕೆ ಸೊಟ್ಟ ಇದೆ ಅಂದರು. ಆಪರೇಷನ್ನಿಗೆ ಎಷ್ಟು ದುಡ್ಡು ಬೇಕೋ ಅಂತ ಅಪ್ಪ ಹೆದರಿದ. ಡಾಕ್ಟರು ನಕ್ಕು ಅಪ್ಪನ ಮೂಗಿಗೂ ಬ್ಯಾಟರಿ ಬಿಟ್ಟು ನೋಡಿದರು. ಅಪ್ಪನದು ಅವಳಿಗಿಂತ ಸೊಟ್ಟ! ಆದರೆ ಅಪ್ಪನಿಗೆ ಯಾವತ್ತೂ ಈ ತ್ರಾಸು ಆಗಿಲ್ಲ. ಅಕ್ಕನಿಗೆ ಧೂಳಿನ ಅಲರ್ಜಿ, ಅದರಿಂದ ಒಳಪದರ ಬಾತಿದೆ, ಮೊದಲು ಬಾವು ಇಳಿಯಲಿ ಅಂದರು. ಮೂಗಿಗೆ ಹೊಡೆಯುವ ಔಷಧ ಕೊಟ್ಟರು. ಗೋವಿನಜೋಳ ಒಕ್ಕುವಾಗ ಅವಳು ಈಗ ಮೂಗಿಗೆ ಬಟ್ಟೆ ಕಟ್ಟುತ್ತಾಳೆ. ಸಾಲಿಗೂ ಹೋಗುತ್ತಾಳೆ.

ಇದರಿಂದ ನನಗೆ ತಿಳಿದದ್ದು ಇಷ್ಟು. ದಾರಿ ಇಕ್ಕಟ್ಟು ಇದ್ದ ಮಾತ್ರಕ್ಕೆ ರೋಗ ಬರುವುದಿಲ್ಲ. ಆದರೆ ಇಕ್ಕಟ್ಟು ದಾರಿಯಲ್ಲಿ ಬಾವು ಬಂದರೆ ಬೇಗ ಕಟ್ಟುತ್ತದೆ. ಬಾವು ಬರುವುದು ಹೆಚ್ಚಾಗಿ ನೆಗಡಿಯ ವೈರಸ್‌ನಿಂದ, ಇಲ್ಲವೇ ಅಲರ್ಜಿಯಿಂದ. ಒಲೆಯ ಹೊಗೆ, ಬೀಡಿ ಹೊಗೆ, ಧೂಳು, ಕಾಂಗ್ರೆಸ್ ಕಸದ ಹೂವಿನ ಪರಾಗ ಇವು ತ್ರಾಸು ಹೆಚ್ಚು ಮಾಡುತ್ತವೆ. ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿ ಘಾಟಿಗೆ ಮೂಗು ಸೋರುವುದು ಎಲ್ಲರಿಗೂ ಗೊತ್ತಲ್ಲ!

ನೀವೂ ಒಂದು ಪ್ರಯೋಗ ಮಾಡಿರಿ. ತಣ್ಣನೆಯ ಸ್ಟೀಲ್ ತಟ್ಟೆಯನ್ನು ಮೂಗಿನ ಕೆಳಗೆ ಹಿಡಿದು ಉಸಿರು ಬಿಡಿರಿ. ಎರಡು ಮಂಜಿನ ಗುರುತು ಬೀಳುತ್ತವೆ. ಒಂದು ದೊಡ್ಡದು, ಒಂದು ಸಣ್ಣದು ಇರಬಹುದು. ಕೆಲವು ತಾಸು ಬಿಟ್ಟು ಮತ್ತೆ ನೋಡಿದರೆ ಅದಲುಬದಲು ಆಗಿರಬಹುದು. ಹೊಳ್ಳೆಗಳು ಸರದಿಯ ಮೇಲೆ ಸ್ವಲ್ಪ ಕಟ್ಟಿ ಬಿಡುವುದು ಸಹಜ. ಅದನ್ನು ನೋಡಿ ಯಾರಿಗೂ "ಸೊಟ್ಟಮೂಗ" ಎಂದು ಕರೆಯಬೇಡಿರಿ.

ನೆನಪಿಡಬೇಕಾದ ಮಾತುಗಳು:

1. ಸಾದಾ ನೆಗಡಿ 7ರಿಂದ 10 ದಿನದಲ್ಲಿ ತಾನೇ ಇಳಿಯುತ್ತದೆ. ವೈರಸ್‌ಗೆ ಆಂಟಿಬಯಾಟಿಕ್ ಗುಳಿಗೆ ನಾಟುವುದಿಲ್ಲ. ಅಂಗಡಿಯಿಂದ ಸುಮ್ಮನೆ ತಂದು ನುಂಗಬಾರದು.
2. ಹತ್ತು ದಿನ ದಾಟಿದರೆ, ಅಥವಾ ಕಡಿಮೆ ಆಗಿ ಮತ್ತೆ ಜೋರಾದರೆ ಡಾಕ್ಟರಿಗೆ ತೋರಿಸಬೇಕು.
3. ಕಣ್ಣಿನ ಸುತ್ತ ಬಾವು, ಎರಡೆರಡು ಕಾಣುವುದು, ವಿಪರೀತ ಜ್ವರ, ಕುತ್ತಿಗೆ ಬಿಗಿತ ಇದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು.
4. ಜಲನೇತಿ ಮಾಡುವವರು ಕುದಿಸಿ ಆರಿಸಿದ ನೀರಿಗೆ ಉಪ್ಪು ಹಾಕಿಕೊಳ್ಳಬೇಕು. ಕೆರೆ ನೀರು, ನಲ್ಲಿ ನೀರು ಹಾಗೇ ಬಳಸಬಾರದು. 2011ರಲ್ಲಿ ಅಮೆರಿಕದ ಲೂಯಿಸಿಯಾನಾದಲ್ಲಿ ನಲ್ಲಿ ನೀರಿನಿಂದ ಮೂಗು ತೊಳೆದ ಇಬ್ಬರು ಅಮೀಬಾ ಮೆದುಳಿಗೆ ಸೇರಿ ತೀರಿಕೊಂಡರು.

ನಿಮ್ಮ ಮನೆಯಲ್ಲಿ ಯಾರಾದರೂ ತಲೆನೋವು ಎಂದು ಸಾಲಿ ಬಿಡುವ ಮಾತು ಆಡಿದರೆ, ಮೊದಲು ಮೂಗು ತೋರಿಸಿಕೊಂಡು ಬನ್ನಿರಿ ಎಂದು ಹೇಳಿರಿ.

— 7ನೇ ತರಗತಿ