ಶಾಲೆಗೆ ಬರುವ ವೈದ್ಯರು, ಮನೆಯಲ್ಲಿ ಉಳಿಯುವ ಚೀಟಿ

ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ, ಜತ್ತ ತಾಲೂಕುಗಳ ಕನ್ನಡ ಶಾಲೆಗಳಲ್ಲಿ ಓದುವ ಮಕ್ಕಳಲ್ಲಿ ಹೆಚ್ಚಿನವರು ಕೂಲಿಕಾರರ, ಬೀಡಿ ಕಟ್ಟುವವರ, ಕಬ್ಬು ಕಡಿಯುವವರ ಮಕ್ಕಳು. ಕಪ್ಪು ಹಲಗೆಯ ಅಕ್ಷರ ಕಾಣದ ಮಗುವನ್ನು ಮನೆಯವರು ಮಂದಮತಿಯೆಂದು ಬಗೆಯುವುದುಂಟು. ಕಿವಿ ಸೋರುವ ಮಗುವನ್ನು ಮಾತು ಕೇಳದವನೆಂದು ಗದರುವುದುಂಟು. ಇಂತಹ ಮಕ್ಕಳ ದೋಷವನ್ನು ಮೊದಲು ಗುರುತಿಸಬಲ್ಲ ಸ್ಥಳ ಶಾಲೆಯೇ ಆಗಿದೆ.

ಈ ವಿಚಾರ ಹೊಸದಲ್ಲ. ಭಾರತದಲ್ಲಿ ಶಾಲಾ ಮಕ್ಕಳ ವೈದ್ಯಕೀಯ ತಪಾಸಣೆ 1909ರಲ್ಲಿ ಬಡೋದೆಯಲ್ಲಿ ಆರಂಭವಾಯಿತು. ಆದರೂ 1946ರ ಭೋರ್ ಸಮಿತಿಯ ವರದಿ, ದೇಶದಲ್ಲಿ ಶಾಲಾ ಆರೋಗ್ಯ ಸೇವೆ ಬಹುಮಟ್ಟಿಗೆ ಇಲ್ಲವೇ ಇಲ್ಲವೆಂದು ಕಂಡುಕೊಂಡಿತು. ಇಂದು ಈ ಹೊಣೆಯನ್ನು ಹೊತ್ತಿರುವುದು ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ. ಇದು 2013ರ ಫೆಬ್ರುವರಿಯಲ್ಲಿ ಮಹಾರಾಷ್ಟ್ರದ ಪಾಲಘರದಲ್ಲಿಯೇ ಚಾಲನೆ ಪಡೆಯಿತು.

ಯೋಜನೆಯ ಸ್ವರೂಪ ಸರಳವಾಗಿದೆ. ಇಬ್ಬರು ಆಯುಷ್ ವೈದ್ಯರು, ಒಬ್ಬ ಶುಶ್ರೂಷಕಿ, ಒಬ್ಬ ಔಷಧ ವಿತರಕರಿರುವ ತಂಡವು ಅಂಗನವಾಡಿಗಳಿಗೆ ವರ್ಷಕ್ಕೆ ಎರಡು ಬಾರಿ, ಸರಕಾರಿ ಹಾಗೂ ಅನುದಾನಿತ ಶಾಲೆಗಳಿಗೆ ಒಂದು ಬಾರಿ ಭೇಟಿ ನೀಡಬೇಕು. ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳಲ್ಲಿ ಜನ್ಮಜಾತ ನ್ಯೂನತೆ, ಪೋಷಕಾಂಶಗಳ ಕೊರತೆ, ಕಾಯಿಲೆ, ಬೆಳವಣಿಗೆಯ ವಿಳಂಬ ಎಂಬ ನಾಲ್ಕು ವಿಭಾಗಗಳ ತೊಂದರೆಗಳನ್ನು ಅದು ಪರಿಶೀಲಿಸುತ್ತದೆ. ಸೀಳುತುಟಿ, ಹೃದಯದೋಷ, ದೃಷ್ಟಿಮಾಂದ್ಯ, ತೀವ್ರ ರಕ್ತಹೀನತೆ ಇವೆಲ್ಲ ಅದರಲ್ಲಿ ಸೇರಿವೆ. ಮುಂದಿನ ಚಿಕಿತ್ಸೆ, ಅಗತ್ಯವಿದ್ದರೆ ಶಸ್ತ್ರಕ್ರಿಯೆಯೂ ಸಹ, ಉಚಿತ.

ಹಣ ಬರುವುದು ರಾಷ್ಟ್ರೀಯ ಆರೋಗ್ಯ ಅಭಿಯಾನದಿಂದ. ಅದರಲ್ಲಿ ಕೇಂದ್ರದ ಪಾಲು ಶೇ. 60, ರಾಜ್ಯದ ಪಾಲು ಶೇ. 40. ತಂಡದ ವೇತನ, ವಾಹನದ ಬಾಡಿಗೆ, ಔಷಧ, ಚಿಕಿತ್ಸೆ ಇವು ಈ ಲೆಕ್ಕದಲ್ಲಿ ಬರುತ್ತವೆ. ತಾಯಿ ಕಳೆದುಕೊಳ್ಳುವ ಒಂದು ದಿನದ ಕೂಲಿ ಮಾತ್ರ ಯಾವ ಲೆಕ್ಕಕ್ಕೂ ಸೇರದು. ಅಕ್ಕಲಕೋಟೆಯಿಂದ ಸೊಲ್ಲಾಪುರಕ್ಕೆ ಸುಮಾರು 40 ಕಿಲೋಮೀಟರ್. ಆಸ್ಪತ್ರೆಗೆ ಹೋಗಿ ಬರುವ ಹೊತ್ತಿಗೆ ದಿನವೇ ಮುಗಿಯುತ್ತದೆ. ಎರಡನೆಯ ಬಾರಿ ಬನ್ನಿರೆಂದರೆ ಎರಡನೆಯ ದಿನದ ದುಡಿಮೆಯೂ ಹೋದಂತೆಯೇ. ಉಚಿತವೆಂಬ ಮಾತು ಬಡವರ ಮನೆಯಲ್ಲಿ ಪೂರ್ಣ ಸತ್ಯವಾಗುವುದಿಲ್ಲ.

ಭಾಷೆಯೂ ಇನ್ನೊಂದು ತಡೆ. ತಪಾಸಣೆಯ ಬಳಿಕ ಮಗುವಿನ ಕೈಗೆ ಬರುವ ಚೀಟಿ ಮರಾಠಿಯದು. ‘ಸಂದರ್ಭ ಸೇವೆ’ ಎಂದರೆ ಮರಾಠಿಯಲ್ಲಿ ದೊಡ್ಡ ಆಸ್ಪತ್ರೆಗೆ ಕಳುಹಿಸುವುದು. ಕನ್ನಡ ಕಿವಿಗೆ ಆ ಮಾತು ಬೇರೆಯೇ ಆಗಿ ಕೇಳುತ್ತದೆ. ಅರ್ಥವಾಗದ ಚೀಟಿ ಪಾಟಿಚೀಲದ ತಳದಲ್ಲಿ ಉಳಿದರೆ ಆಶ್ಚರ್ಯವಿಲ್ಲ. ಭಾಷಾ ಅಲ್ಪಸಂಖ್ಯಾತರು ಶೇ. 15ರಿಂದ 20ರಷ್ಟಿರುವ ಪ್ರದೇಶಗಳಲ್ಲಿ ಮಹತ್ವದ ಸರಕಾರಿ ಸೂಚನೆಗಳು ಅವರ ಭಾಷೆಯಲ್ಲಿಯೂ ಪ್ರಕಟವಾಗಬೇಕೆಂದು 1956ರ ಕೇಂದ್ರ ಗೃಹ ಇಲಾಖೆಯ ಜ್ಞಾಪನಪತ್ರ ಸೂಚಿಸಿತ್ತು. ಮಗುವಿನ ಹೃದಯದ ಕುರಿತಾದ ಸೂಚನೆಗಿಂತ ಮಹತ್ವದ್ದು ಬೇರೆ ಯಾವುದಿದ್ದೀತು?

ಮೂರನೆಯದು ಋತುಮಾನ. ದೀಪಾವಳಿಯ ವೇಳೆಗೆ ಕಬ್ಬಿನ ಗಾಡಿಗಳೊಡನೆ ಹೊರಡುವ ಕುಟುಂಬಗಳು ಬೇಸಿಗೆಯ ಹೊತ್ತಿಗೆ ಮರಳುತ್ತವೆ. ಆ ನಡುವೆ ತಂಡ ಬಂದರೆ ಅತ್ಯಂತ ಅಗತ್ಯವಿದ್ದ ಮಗುವೇ ತಪ್ಪಿಹೋಗುತ್ತದೆ.

ಇವಕ್ಕೆ ಪರಿಹಾರವೆಲ್ಲ ಮುಂಬಯಿ, ದಿಲ್ಲಿಗಳಿಂದಲೇ ಬರಬೇಕೆಂದಿಲ್ಲ. 2009ರ ಶಿಕ್ಷಣ ಹಕ್ಕು ಕಾಯಿದೆಯಂತೆ ಶಾಲಾ ವ್ಯವಸ್ಥಾಪನ ಸಮಿತಿಯ ಸದಸ್ಯರಲ್ಲಿ ಮುಕ್ಕಾಲು ಪಾಲು ಪಾಲಕರೇ ಇರಬೇಕು. ತಂಡದ ಭೇಟಿಯನ್ನು ಕುಟುಂಬಗಳು ಊರಿನಲ್ಲಿರುವ ಮಳೆಗಾಲಕ್ಕೆ ನಿಗದಿಪಡಿಸುವಂತೆ ಸಮಿತಿಯು ತಾಲೂಕು ಆರೋಗ್ಯಾಧಿಕಾರಿಗೆ ಬರೆಯಬಹುದು. ಚೀಟಿಯ ಕನ್ನಡ ರೂಪವನ್ನು ಕೇಳಬಹುದು. ಆಸ್ಪತ್ರೆಗೆ ಹೋಗಬೇಕಾದ ಮಕ್ಕಳನ್ನೆಲ್ಲ ಒಂದೇ ದಿನ ಒಬ್ಬಿಬ್ಬರು ಹಿರಿಯರೊಡನೆ ಕಳುಹಿಸಿ ಉಳಿದವರ ಕೂಲಿಯನ್ನು ಉಳಿಸಬಹುದು. ಗುರುಗಳು ಅದುವರೆಗೆ ಪ್ರತಿ ಚೀಟಿಯನ್ನು ಓದಿ ತಿಳಿಸಿದರೂ ಅರ್ಧ ಕೆಲಸ ಆದಂತೆಯೇ.

ಇಂದು ಸಂಜೆ ಮಗುವಿನ ಪಾಟಿಚೀಲವನ್ನು ಒಮ್ಮೆ ಬರಿದು ಮಾಡಿ ನೋಡುವುದು ಪಾಲಕರ ಪಾಲಿಗೆ ಮೊದಲ ಹೆಜ್ಜೆಯಾಗಲಿ.