ಗುಂಪಿನಲ್ಲಿ ನಿಂತ ಮಗು, ಕಥೆ ನಡೆಸುವ ಮಗು

ಚಿತ್ರಗಳನ್ನು ತೆಗೆದುಹಾಕಿದರೆ ಕಥೆಯೇ ಕುಂಟುತ್ತದೆ ಎನ್ನುವಂಥದ್ದು ಚಿತ್ರಪುಸ್ತಕ. ಓದು ಇನ್ನೂ ಕೈಗೂಡದ ಮಗು ಅದನ್ನು ಕಣ್ಣಿಂದಲೇ ಓದುತ್ತದೆ. ವ್ಯಾಖ್ಯೆಗೆ ಇಷ್ಟು ಸಾಕು.

ಪುಸ್ತಕದಲ್ಲಿ ಯಾರಿದ್ದಾರೆ, ಯಾರಿಲ್ಲ ಎಂಬ ಪ್ರಶ್ನೆ ಇಲ್ಲಿ ಕಾದಂಬರಿಗಿಂತ ಬೇಗ ಎದುರಾಗುತ್ತದೆ. ‘ಹುಡುಗ ಶಾಲೆಗೆ ಹೊರಟ’ ಎಂದು ಬರೆದವರ ಕೆಲಸ ಅಲ್ಲಿಗೆ ಮುಗಿಯಿತು. ಚಿತ್ರ ಬರೆಯುವವರಿಗೆ ಆ ಸೌಲಭ್ಯವಿಲ್ಲ. ಹುಡುಗನ ಮೈಬಣ್ಣ ಯಾವುದು, ಕಾಲಲ್ಲಿ ಚಪ್ಪಲಿ ಇದೆಯೇ, ಮನೆಗೆ ಹೆಂಚೋ ತಗಡೋ ತಾರಸಿಯೋ, ಬಾಗಿಲಲ್ಲಿ ನಿಂತ ತಾಯಿಯ ಹಣೆಯಲ್ಲಿ ಕುಂಕುಮ ಇದೆಯೋ ಇಲ್ಲವೋ, ಎಲ್ಲಕ್ಕೂ ಉತ್ತರ ಕೊಡಲೇಬೇಕು. ಯೋಚಿಸದೆ ಕೊಟ್ಟರೂ ಅದು ಉತ್ತರವೇ. ನಮ್ಮ ಮಕ್ಕಳು ‘ಸ್ಕಿನ್ ಕಲರ್’ ಎಂದು ಎತ್ತಿಕೊಳ್ಳುವ ಆ ತಿಳಿಗುಲಾಬಿ ಕ್ರೇಯಾನನ್ನು ಅವರದೇ ಮುಂಗೈಯ ಪಕ್ಕ ಇಟ್ಟು ನೋಡಿ. ಅಮೆರಿಕದ ಕ್ರೆಯೋಲಾ ಕಂಪನಿ ಅಂಥದೇ ಬಣ್ಣಕ್ಕಿದ್ದ ಹೆಸರನ್ನು ಕೈಬಿಟ್ಟು ‘ಪೀಚ್’ ಎಂದು ಕರೆದದ್ದು 1962ರಲ್ಲಿ.

ಅದೇ 1962ರಲ್ಲಿ ಎಜ್ರಾ ಜ್ಯಾಕ್ ಕೀಟ್ಸ್ ಅವರ ‘ದ ಸ್ನೋಯಿ ಡೇ’ ಪ್ರಕಟವಾಯಿತು. ಕೀಟ್ಸ್ ಬ್ರೂಕ್ಲಿನ್‌ನ ಬಡ ಯೆಹೂದಿ ವಲಸಿಗರ ಮಗ. ಲೈಫ್ ಪತ್ರಿಕೆಯಲ್ಲಿ ಬಂದಿದ್ದ ಒಬ್ಬ ಪುಟ್ಟ ಕಪ್ಪು ಹುಡುಗನ ಫೋಟೊಗಳನ್ನು 1940ರಲ್ಲಿ ಕತ್ತರಿಸಿಟ್ಟುಕೊಂಡವರು, ಎರಡು ದಶಕಗಳ ಬಳಿಕ ಅವನನ್ನೇ ಈ ಪುಸ್ತಕದ ನಾಯಕ ಪೀಟರ್ ಮಾಡಿದರು. ಪೀಟರ್ ಮಾಡುವುದಾದರೂ ಏನು? ಕೆಂಪು ಅಂಗಿ ತೊಟ್ಟು ಹಿಮದಲ್ಲಿ ಹೆಜ್ಜೆ ಊರುತ್ತಾನೆ, ಕೋಲಿನಿಂದ ಗೆರೆ ಎಳೆಯುತ್ತಾನೆ, ಮರಕ್ಕೆ ಬಡಿದು ತಲೆ ಮೇಲೆ ಹಿಮ ಬೀಳಿಸಿಕೊಳ್ಳುತ್ತಾನೆ. ನಾಳೆಗೆ ಇರಲಿ ಎಂದು ಜೇಬಿಗೆ ಹಾಕಿಕೊಂಡ ಹಿಮದುಂಡೆ ಮನೆಯಲ್ಲಿ ಕರಗಿಹೋಗುತ್ತದೆ. ಅವನ ಬಣ್ಣದ ಬಗ್ಗೆ ಪಠ್ಯದಲ್ಲಿ ಒಂದಕ್ಷರವಿಲ್ಲ. ಆ ಕೆಲಸವೆಲ್ಲ ಚಿತ್ರದ್ದು. ಮರುವರ್ಷ ಪುಸ್ತಕಕ್ಕೆ, ಅಮೆರಿಕದಲ್ಲಿ ಚಿತ್ರಪುಸ್ತಕಗಳಿಗೆ ಕೊಡುವ ಕ್ಯಾಲ್ಡೆಕಾಟ್ ಪದಕ ಬಂತು.

‘ಹಾಗಾದರೆ ಗುಂಪಿನ ಚಿತ್ರದಲ್ಲಿ ಎಲ್ಲ ಬಗೆಯ ಮಕ್ಕಳನ್ನೂ ನಿಲ್ಲಿಸಿಬಿಟ್ಟರೆ ಆಯಿತಲ್ಲ?’ ಈ ಮಾತು ಎಲ್ಲಿ ಹೋದರೂ ಕೇಳಿಬರುತ್ತದೆ. ಉತ್ತರಕ್ಕೆ ಅಮೆರಿಕದ ಶಿಕ್ಷಣತಜ್ಞೆ ನ್ಯಾನ್ಸಿ ಲ್ಯಾರಿಕ್ ಅವರ ಲೆಕ್ಕ ನೋಡಬೇಕು. 1965ರ ಸೆಪ್ಟೆಂಬರಿನಲ್ಲಿ ‘ಸ್ಯಾಟರ್ಡೇ ರಿವ್ಯೂ’ ಪತ್ರಿಕೆಗೆ ಬರೆದ ಲೇಖನಕ್ಕಾಗಿ ಅವರು ಹಿಂದಿನ ಮೂರು ವರ್ಷಗಳ 5,206 ಮಕ್ಕಳ ಪುಸ್ತಕಗಳ ವಿವರ ಕಲೆಹಾಕಿದ್ದರು. ಪಠ್ಯದಲ್ಲೋ ಚಿತ್ರದಲ್ಲೋ ಒಬ್ಬರಾದರೂ ಕಪ್ಪು ಜನ ಇದ್ದದ್ದು 349ರಲ್ಲಿ, ಅಂದರೆ ಶೇ. 6.7ರಲ್ಲಿ. ಲ್ಯಾರಿಕ್ ಅಲ್ಲಿಗೇ ನಿಲ್ಲಿಸಿದ್ದರೆ ಇದೂ ಮರೆತುಹೋಗುವ ಇನ್ನೊಂದು ಅಂಕಿಯಾಗುತ್ತಿತ್ತು. ಅವರು ಆ 349ನ್ನೂ ಜಾಲಿಸಿದರು. ಅರ್ಧಕ್ಕಿಂತ ಹೆಚ್ಚು ಕಥೆಗಳು ನಡೆಯುವುದು ಹೊರದೇಶದಲ್ಲಿ, ಇಲ್ಲವೇ ಎರಡನೆಯ ಮಹಾಯುದ್ಧಕ್ಕೂ ಹಿಂದೆ. ಆ ಹೊತ್ತಿನ ಅಮೆರಿಕದಲ್ಲಿ ಬದುಕುತ್ತಿರುವ ಕಪ್ಪು ಜನರ ಕಥೆ ಒಟ್ಟು ಪುಸ್ತಕಗಳಲ್ಲಿ ಶೇ. 1ರಷ್ಟೂ ಇರಲಿಲ್ಲ. ಕಪ್ಪು ಮಗುವಿಗೆ ಗುಂಪಿನಲ್ಲಿ ಜಾಗವಿತ್ತು, ಇತಿಹಾಸದಲ್ಲೂ ಇತ್ತು. ಇವತ್ತಿನ ಬೀದಿಯಲ್ಲಿ ಮಾತ್ರ ಇರಲಿಲ್ಲ. ಸಂಭ್ರಮವಾಗಲಿ ಕಷ್ಟವಾಗಲಿ ಇಲ್ಲದ, ಸುಮ್ಮನೆ ಆಡುವ ಒಂದು ದಿನ ಅದಕ್ಕೆ ಸಿಕ್ಕಿರಲಿಲ್ಲ. ಪೀಟರ್ ದೊಡ್ಡವನಾಗುವುದು ಇಲ್ಲಿ.

ಹಾಗಂತ ಲ್ಯಾರಿಕ್ ಕೀಟ್ಸ್ ಅವರನ್ನೂ ಬಿಡಲಿಲ್ಲ. ಹಳದಿ ಚೌಕಳಿ ಉಡುಪಿನ, ಪೀಟರ್‌ನ ಆ ದಪ್ಪ ತಾಯಿ, ಕಪ್ಪು ಹೆಂಗಸೆಂದರೆ ಹೀಗೇ ಎಂಬ ಹಳೆಯ ಅಚ್ಚಿನಿಂದ ಎದ್ದುಬಂದಂತಿದ್ದಾಳೆ ಎಂಬುದು ಅವರ ತಕರಾರು. ಒಂದೇ ಪುಸ್ತಕ ಒಂದು ಅಚ್ಚನ್ನು ಮುರಿದು ಇನ್ನೊಂದನ್ನು ಉಳಿಸಿಕೊಳ್ಳಬಹುದು. ನನ್ನನ್ನು ಕೇಳಿದರೆ ಈ ತಕರಾರು ಪದಕದಷ್ಟೇ ಬೆಲೆಯುಳ್ಳದ್ದು.

ಇನ್ನೊಂದು ತಪ್ಪು ತಿಳಿವಳಿಕೆ ಪ್ರಾಣಿಗಳದ್ದು. ಮೊಲ, ಕರಡಿ ಹಾಕಿಬಿಟ್ಟರೆ ಜಾತಿ, ಬಣ್ಣಗಳ ರಗಳೆ ಇಲ್ಲ, ಎಲ್ಲ ಮಕ್ಕಳಿಗೂ ಸಲ್ಲುತ್ತದೆ ಎನ್ನುತ್ತಾರೆ. ಪಂಚತಂತ್ರದ ನಾಡಿನವರಾದ ನಮಗೆ ಇದು ಸಹಜವಾಗಿಯೇ ರುಚಿಸುತ್ತದೆ. ಆದರೆ ಟೊರಾಂಟೊ ವಿಶ್ವವಿದ್ಯಾಲಯದ ಪೆಟ್ರೀಷಿಯಾ ಗನೇಆ ಮತ್ತು ಸಂಗಡಿಗರು 4ರಿಂದ 6 ವರ್ಷದ ಮಕ್ಕಳಿಗೆ ಹಂಚಿಕೊಳ್ಳುವ ಕಥೆಯೊಂದನ್ನು ಎರಡು ರೂಪದಲ್ಲಿ ಓದಿಸಿದರು. ಮನುಷ್ಯ ಪಾತ್ರಗಳಿದ್ದ ಕಥೆ ಕೇಳಿದವರು ಆಮೇಲೆ ತಮ್ಮ ಸ್ಟಿಕ್ಕರುಗಳನ್ನು ಹೆಚ್ಚು ಹಂಚಿದರು. ಪ್ರಾಣಿಗಳ ಕಥೆ ಕೇಳಿದವರಲ್ಲಿ ಆ ಏರಿಕೆ ಕಾಣಲಿಲ್ಲ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿರುವ ಮಕ್ಕಳ ಪುಸ್ತಕ ಕೇಂದ್ರದ 2018ರ ಲೆಕ್ಕ ಇನ್ನೂ ಮೊನಚಾಗಿದೆ. ಮುಖ್ಯಪಾತ್ರ ಬಿಳಿಯರಾಗಿದ್ದದ್ದು ಶೇ. 50ರಲ್ಲಿ, ಪ್ರಾಣಿಗಳು ಮತ್ತು ಇತರೆ ಶೇ. 27. ಕಪ್ಪು, ಏಷ್ಯನ್, ಲ್ಯಾಟಿನೊ, ಮೂಲನಿವಾಸಿ ಮಕ್ಕಳೆಲ್ಲ ಸೇರಿದರೂ ಶೇ. 23. ಮೊಲ, ಕರಡಿಗಳಿಗೆ ಸಿಕ್ಕಷ್ಟು ಜಾಗವೂ ಇಲ್ಲ!

ಬಗೆಬಗೆಯ ಮಕ್ಕಳನ್ನು ಪುಸ್ತಕದೊಳಗೆ ತರುವ ಕೆಲಸಕ್ಕೆ ನಮ್ಮಲ್ಲಿ ಬೇರೆಯದೇ ದಾರಿಗಳಿವೆ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ತೆರೆದ ಸ್ಟೋರಿವೀವರ್ ತಾಣದಲ್ಲಿ ಯಾರು ಬೇಕಾದರೂ ಕಥೆಯನ್ನು ತಮ್ಮ ಭಾಷೆಗೆ ತಂದುಕೊಳ್ಳಬಹುದು. ಮಾತು ಕನ್ನಡವಾದರೂ ಚಿತ್ರ ಹಾಗೇ ಉಳಿಯುತ್ತದೆ. ಬೇರೆ ಸೀಮೆಯ ಮನೆ, ಬಟ್ಟೆ, ಬೀದಿಗಳು ಯಾದಗಿರಿಯ ಮಗುವಿನ ಕೈಗೆ ಬರುವುದು ಹೀಗೆ. ಅದು ಬೇಕು. ಆದರೆ ಯಾದಗಿರಿಯ ತಾಂಡಾದ ಮಗು, ಬೀದರಿನ ಮುಸ್ಲಿಂ ಮನೆಯ ಮಗು, ಕೊಡಗಿನ ಹಾಡಿಯ ಜೇನುಕುರುಬ ಮಗು ಹಬ್ಬವಿಲ್ಲದ, ಸಂಕಟವೂ ಇಲ್ಲದ ಒಂದು ದಿನ ಕಥೆ ನಡೆಸುವ ಪುಸ್ತಕವೂ ಬೇಕು. ಆಮದಿನಿಂದ ಅದು ತುಂಬಿಬರುವುದಿಲ್ಲ.

ಅಂಥ ಪುಸ್ತಕಗಳು ಎಷ್ಟಿವೆ ಎಂದು ತಿಳಿಯಲು ಎಣಿಸಬೇಕು. ವಿಸ್ಕಾನ್ಸಿನ್ನಿನವರು 1985ರಲ್ಲಿ ಎಣಿಕೆ ಶುರುಮಾಡಿದ್ದು ತಮ್ಮ ಗ್ರಂಥಾಲಯಕ್ಕೆ ಬಂದ ಪುಸ್ತಕಗಳಿಂದಲೇ; ಆ ವರ್ಷ ಸುಮಾರು 2,500ರಲ್ಲಿ ಕಪ್ಪು ಲೇಖಕರದೋ ಚಿತ್ರಕಾರರದೋ ಆಗಿದ್ದವು 18. ನಿಮ್ಮ ಶಾಲೆಯ ಓದುಮೂಲೆಗೂ ಅಷ್ಟೇ ಸಲಕರಣೆ ಸಾಕು: ಒಂದು ನೋಟ್‌ಬುಕ್, ಒಂದು ಮಧ್ಯಾಹ್ನ. ಪ್ರಾಣಿ ಕಥೆಗಳನ್ನು ಮೊದಲೇ ಪಕ್ಕಕ್ಕಿಡಿ. ಉಳಿದವುಗಳಲ್ಲಿ ಗುಂಪಿನಲ್ಲಿ ನಿಂತವರನ್ನು ಒಂದು ಕಡೆ, ಕಥೆ ನಡೆಸುವವರನ್ನು ಇನ್ನೊಂದು ಕಡೆ ಬರೆದುಕೊಳ್ಳಿ. ಹಬ್ಬದ ಪುಟದಲ್ಲಿ ಮಾತ್ರ ಕಾಣುವವರಿಗೆ ಬೇರೆ ಗುರುತು ಹಾಕಿ. ಲೇಖಕರ ಹೆಸರಿನ ಪಕ್ಕ ಚಿತ್ರಕಾರರ ಹೆಸರನ್ನೂ ಬರೆಯಿರಿ. ಅದನ್ನು ಬಿಡುವವರೇ ಹೆಚ್ಚು.