ನಮ್ಮ ವಾಟ್ಸಾಪ್ ಕಾಯುವ 77 ಅಂಕಿಯ ಸಂಖ್ಯೆ

ವಾಟ್ಸಾಪ್ ಕರೆಗೆ ಯುಎಇಯಲ್ಲಿ ಬಹಳ ವರ್ಷಗಳಿಂದ ತಡೆ ಇದೆ, ಮೆಸೇಜ್ ಮಾತ್ರ ಹೋಗುತ್ತೆ. ಹಾಗಾಗಿ ಅಮ್ಮನ ವಾಯ್ಸ್ ನೋಟ್, ಅಪ್ಪನ ಲ್ಯಾಬ್ ರಿಪೋರ್ಟು, ನಮ್ಮ ಪಾಸ್‌ಪೋರ್ಟ್ ಪ್ರತಿ ಎಲ್ಲವೂ ಅದರಲ್ಲೇ ಓಡಾಡುತ್ತವೆ. ದಾರಿಯಲ್ಲಿ ಬೇರೆ ಯಾರೂ ಇವನ್ನು ಓದದಂತೆ ಹಾಕುವ ಬೀಗದ ಬುಡದಲ್ಲಿ ಒಂದು ಅವಿಭಾಜ್ಯ ಸಂಖ್ಯೆ ಇದೆ: 2²⁵⁵ − 19. ಬಿಡಿಸಿ ಬರೆದರೆ 77 ಅಂಕಿ. 5789 ಅಂತ ಶುರುವಾಗಿ 949ರಲ್ಲಿ ಮುಗಿಯುತ್ತೆ. ಡೇನಿಯಲ್ ಬರ್ನ್‌ಸ್ಟೀನ್ 2005ರಲ್ಲಿ ಇದನ್ನು ಆರಿಸಿ ಕಟ್ಟಿದ ವಕ್ರರೇಖೆಯ ಹೆಸರು ಕರ್ವ್25519.

ಅವಿಭಾಜ್ಯವೇ ಯಾಕೆ ಬೇಕು?

ಇಲ್ಲಿ ಎಲ್ಲಾ ಲೆಕ್ಕವೂ ಶೇಷದಲ್ಲೇ ನಡೆಯುತ್ತೆ. 7ರಿಂದ ಭಾಗಿಸಿ ಶೇಷ ಇಟ್ಟುಕೊಳ್ಳೋಣ: 3 × 5 = 15, ಶೇಷ 1. ಅಂದ್ರೆ 3ಕ್ಕೆ 5 ಜೋಡಿ. 3ರಿಂದ ಭಾಗಿಸೋ ಬದಲು 5ರಿಂದ ಗುಣಿಸಬಹುದು. 6ರಲ್ಲಿ ಇದನ್ನೇ ಮಾಡಿ ನೋಡಿ. 3ನ್ನು ಯಾವುದರಿಂದ ಗುಣಿಸಿದರೂ ಶೇಷ 0 ಅಥವಾ 3, 1 ಬರೋದೇ ಇಲ್ಲ. ಅವಿಭಾಜ್ಯವಾದರೆ ಸೊನ್ನೆ ಬಿಟ್ಟು ಎಲ್ಲಕ್ಕೂ ಜೋಡಿ ಸಿಗುತ್ತೆ, ಭಾಗಾಕಾರ ಎಲ್ಲೂ ಕೈಕೊಡೋಲ್ಲ.

19 ಎಲ್ಲಿಂದ ಬಂತು?

1245ನ್ನು 97ರಿಂದ ಭಾಗಿಸಿದರೆ ಶೇಷ ಎಷ್ಟು? 100 ಅಂದ್ರೆ ಶೇಷ 3. ಹಾಗಾಗಿ 12 × 3 + 45 = 81, ಮುಗೀತು! 97 ನೂರಕ್ಕೆ ಹತ್ತಿರ ಇರೋದರಿಂದ ಭಾಗಾಕಾರವೇ ಬೇಡ. ಕಂಪ್ಯೂಟರಿಗೆ ನೂರರ ಬದಲು 2ರ ಘಾತ ಸುಲಭ. 2²⁵⁵ಕ್ಕಿಂತ ಚಿಕ್ಕದಾದ ಅತಿ ದೊಡ್ಡ ಅವಿಭಾಜ್ಯವೇ ನಮ್ಮ ಸಂಖ್ಯೆ. ಮೇಲಿನ ಭಾಗವನ್ನು 19ರಿಂದ ಗುಣಿಸಿ ಕೂಡಿದರೆ ಆಯ್ತು. ಕಡಿಮೆ ಬೆಲೆಯ ಫೋನಿನಲ್ಲೂ ಇದು ಚಕ್ಕಂತ ನಡೆಯುತ್ತೆ.

ಅವಿಭಾಜ್ಯ ಅಂತ ಗೊತ್ತಾಗೋದು ಹೇಗೆ?

ಒಂದೊಂದೇ ಸಂಖ್ಯೆಯಿಂದ ಭಾಗಿಸುತ್ತಾ ಹೋದರೆ ಜನ್ಮದಲ್ಲಿ ಮುಗಿಯೋಲ್ಲ. ಫರ್ಮಾ ಒಂದು ಪರೀಕ್ಷೆ ಕೊಟ್ಟ: p ಅವಿಭಾಜ್ಯವಾದರೆ 2ರ ಘಾತ p ಯಿಂದ 2 ಕಳೆದಾಗ ಬರೋದು p ಯಿಂದ ಭಾಗವಾಗಲೇಬೇಕು. ಆದರೆ 341 = 11 × 31 ಕೂಡ ಇದರಲ್ಲಿ ಪಾಸಾಗಿಬಿಡುತ್ತೆ. ಎಂದೂ ತಪ್ಪದ, ಊಹೆಯ ಹಂಗಿಲ್ಲದ, ಅಂಕಿ ಹೆಚ್ಚಿದರೂ ಸಮಯ ಮಿತಿಮೀರದ ವಿಧಾನವನ್ನು 2002ರಲ್ಲಿ ಮೊದಲು ಕೊಟ್ಟವರು ಐಐಟಿ ಕಾನ್ಪುರದ ಮಣೀಂದ್ರ ಅಗ್ರವಾಲ್, ನೀರಜ್ ಕಾಯಲ್, ನಿತಿನ್ ಸಕ್ಸೇನಾ. ಕಾಯಲ್ ಆಮೇಲೆ ನಮ್ಮ ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್ ಸೇರಿದರು. ದಿನಬಳಕೆಗೆ ಇದಕ್ಕಿಂತ ವೇಗದ ವಿಧಾನಗಳೂ ಇವೆ.

ಬೀಗ ಬೀಳೋದು ಹೀಗೆ

ವಕ್ರರೇಖೆಯ ಮೇಲೆ ಎಲ್ಲರಿಗೂ ಗೊತ್ತಿರೋ ಒಂದು ಬಿಂದು. ನನ್ನ ಫೋನ್ ಅಲ್ಲಿಂದ ಗುಟ್ಟಾದ ಒಂದು ಸಂಖ್ಯೆಯಷ್ಟು ಸಲ ಜಿಗಿದು, ತಲುಪಿದ ಜಾಗವನ್ನಷ್ಟೇ ಕಳಿಸುತ್ತೆ. ಅಮ್ಮನ ಫೋನೂ ಹಾಗೇ. ಅವರ ಜಾಗದಿಂದ ನಾನು, ನನ್ನ ಜಾಗದಿಂದ ಅವರು ಮತ್ತೆ ಜಿಗಿದರೆ ಇಬ್ಬರೂ ಸೇರೋದು ಒಂದೇ ಕಡೆ. ಅದೇ ಬೀಗದ ಕೈ. ಕದ್ದು ನೋಡುವವನಿಗೆ ಜಾಗ ಕಾಣುತ್ತೆ, ಜಿಗಿತದ ಲೆಕ್ಕ ಕಾಣೋಲ್ಲ. ಅದನ್ನು ಹುಡುಕೋಕೆ ಈಗ ಗೊತ್ತಿರೋ ಒಳ್ಳೆಯ ದಾರಿಗೂ ಸುಮಾರು 2¹²⁶ ಹೆಜ್ಜೆ ಬೇಕು. ಸೆಕೆಂಡಿಗೆ ಲಕ್ಷ ಕೋಟಿ ಹೆಜ್ಜೆ ಇಟ್ಟರೂ ವಿಶ್ವದ ವಯಸ್ಸಿನ ಕೋಟಿಗಟ್ಟಲೆ ಪಟ್ಟು ಸಮಯ! ಆದರೆ ದೊಡ್ಡ ಕ್ವಾಂಟಂ ಕಂಪ್ಯೂಟರ್ ಬಂದರೆ ಇದು ಮುರಿಯುತ್ತೆ, ಅದರ ದಾರಿಯನ್ನು ಪೀಟರ್ ಶೋರ್ 1994ರಲ್ಲೇ ತೋರಿಸಿದ್ದಾರೆ.

ಆದರೆ ಸ್ನೇಹಿತರೇ, ಈ ಸಂಖ್ಯೆ ಕಾಯೋದು ದಾರಿಯನ್ನು ಮಾತ್ರ. ಫೋನ್ ಮಾಡಿ ಕೇಳಿದವರಿಗೆ ಓಟಿಪಿ ಹೇಳಿದರೆ ಅದು ಏನೂ ಮಾಡೋಕಾಗೋಲ್ಲ. ಕ್ಲೌಡ್ ಬ್ಯಾಕಪ್‌ಗೆ ಬೇರೆಯೇ ಬೀಗ ಬೇಕು. ಸೆಟ್ಟಿಂಗ್ಸ್‌ನ ಚಾಟ್ ಬ್ಯಾಕಪ್‌ನಲ್ಲಿ ಅದು ಆನ್ ಇದೆಯಾ ಅಂತ ಇವತ್ತೇ ನೋಡಿಕೊಳ್ಳಿ. ಊರಿಗೆ ಹೋದಾಗ ಅಪ್ಪ ಅಮ್ಮನ ಫೋನಿನಲ್ಲೂ ಹಾಕಿಕೊಡಿ.